ಕಾಕಾ, ಕತ್ತರಿ ಕೆಳಗಿಡ್ರಿ

ಗೋಲಗುಮ್ಮಟ ಹತ್ತಿ, ಕೂಗಿ, ಪ್ರತಿಧ್ವನಿ ಕೇಳಿ ಬಂದವರು ಬೇಕಾದಷ್ಟು ಮಂದಿ ಇದ್ದೀರಿ. ಅದೇ ಗುಮ್ಮಟ ಆರಾಣೆ ಸ್ಟಾಂಪಿನ ಮೇಲೆ ಬಂದಿತ್ತು ಅನ್ನೋದು ಎಷ್ಟು ಜನಕ್ಕೆ ಗೊತ್ತು? 1949ರ ಆಗಸ್ಟ್ 15ರಂದು ಹೊರಬಂದ 16 ಸ್ಟಾಂಪುಗಳ ಮಾಲೆಯಲ್ಲಿ ಕುತುಬ್ ಮಿನಾರಿಗೆ 10 ರೂಪಾಯಿ, ತಾಜಮಹಲಿಗೆ 5, ನಮ್ಮದಕ್ಕೆ 6 ಆಣೆ. ಬಳಸಿದ ಬಿಡಿ ಸ್ಟಾಂಪಿಗೆ ಇವತ್ತು ದೊಡ್ಡ ಬೆಲೆಯೇನಿಲ್ಲ. ಅದೇ ಸ್ಟಾಂಪು ಬಿಜಾಪುರದ ಠಸ್ಸೆ ಹೊತ್ತು, ಲಕೋಟೆಯ ಮೇಲೇ ಕೂತಿದ್ದರೆ ಸಂಗ್ರಾಹಕರು ಕುರ್ಚಿ ಹತ್ತಿರ ಎಳೆದುಕೊಳ್ಳುತ್ತಾರೆ.

ಕಾಖಂಡಕಿಯ ನಮ್ಮ ಮನೆಯಲ್ಲಿ ಹಳೇ ಲಕೋಟೆಗಳ ಒಂದು ಟ್ರಂಕು ಸಿಕ್ಕಿದೆ. ಮುತ್ತ್ಯಾನ ಅಣ್ಣ ಸೊಲ್ಲಾಪುರದ ಗಿರಣಿಯಲ್ಲಿದ್ದರು, ಅಲ್ಲಿಂದ ಬರೆದದ್ದು. ಕಾಕಾ ಫೋನ್ ಮಾಡಿ, "ತಮ್ಮಾ, ಟಿಕೀಟ್ ಅಷ್ಟ ಕತ್ತರಿಸಿ ಇಡ್ತೀನಿ, ಪಾಕೀಟ್ ಒಲಿಗಿ ಹಾಕ್ಲೇನು?" ಅಂದರು. "ಕಾಕಾ, ಕತ್ತರಿ ಕೆಳಗಿಡ್ರಿ!" ಅಂತ ಚೀರಿಬಿಟ್ಟೆ.

ಯಾಕಂದರೆ ವ್ಯಾಪಾರಿ ಸ್ಟಾಂಪೊಂದನ್ನೇ ನೋಡೋದಿಲ್ಲ. ಎಲ್ಲಿಂದ ಹೊರಟಿತು, ಯಾವ ದಾರಿ ಹಿಡಿಯಿತು, ಎಂದು ಮುಟ್ಟಿತು, ಅಂಟಿಸಿದ ಸ್ಟಾಂಪು ಆಗಿನ ದರಕ್ಕೆ ಸರಿಯಾಗಿದೆಯೇ ಅಂತ ಲೆಕ್ಕ ಹಾಕುತ್ತಾನೆ. ಮುಂದಿನ ಠಸ್ಸೆಯಷ್ಟೇ ಹಿಂಬದಿಯ ಠಸ್ಸೆಯೂ ಮುಖ್ಯ. ರಜಿಸ್ಟರ್ ಚೀಟಿ, ಯುದ್ಧಕಾಲದ ಸೆನ್ಸಾರ್ ಮುದ್ರೆ, ಸ್ಟಾಂಪು ಸಾಲದೆ ಬೇರಿಂಗ್ ಆದ ಗುರುತು, ಇವೆಲ್ಲ ಬೆಲೆ ಏರಿಸುತ್ತವೆ. ನಮಗೆ ಕೊಳಕಾಗಿ ಕಾಣೋದೇ ಅವರಿಗೆ ಸಾಕ್ಷಿ. ಆದರೆ ಹರಿದದ್ದು, ಗೆದ್ದಲು ತಿಂದದ್ದು, ಠಸ್ಸೆ ಮಸಿಯಾಗಿ ಹರಡಿದ್ದು ಕೆಳಗಿಳಿಯುತ್ತದೆ.

ನಮ್ಮ ಟ್ರಂಕಿನಲ್ಲಿ ನನಗೆ ಹಿಡಿಸಿದ್ದು 1956-57ರ ಗಂಟು. 1956ರ ನವೆಂಬರ್ 1ರವರೆಗೆ ಸೊಲ್ಲಾಪುರ, ಬಿಜಾಪುರ ಎರಡೂ ಮುಂಬಯಿ ರಾಜ್ಯದವು. ಆಮೇಲೆ ನಾವು ಮೈಸೂರಿಗೆ ಬಂದೆವು, ಅಣ್ಣ-ತಮ್ಮಂದಿರ ನಡುವೆ ಗಡಿ ಬಂತು. 1957ರ ಏಪ್ರಿಲ್ 1ಕ್ಕೆ ಆಣೆ ಹೋಗಿ ನಯಾ ಪೈಸೆ. ಹಳೇ ಸ್ಟಾಂಪೂ ಕೆಲಕಾಲ ನಡೆಯಿತು, ಹಾಗಾಗಿ ಎರಡೂ ಒಟ್ಟಿಗೆ ಅಂಟಿರುವ ಲಕೋಟೆ ಸಿಕ್ಕರೆ ಬಿಡಬೇಡಿ. ವಿಳಾಸದಲ್ಲಿ ಪಿನ್‌ಕೋಡ್ ಇದ್ದರೆ ಅದು 1972ರ ಆಗಸ್ಟ್ 15ರ ನಂತರದ್ದು, 'ವಿಜಯಪುರ' ಅಂತ ಠಸ್ಸೆ ಇದ್ದರೆ ಬಹುಶಃ 2014ರ ಈಚಿನದು.

ಇನ್ನು ಚಂದ ಕಾಣೋ ಮೊದಲ ದಿನದ ಲಕೋಟೆಗಳು. ಸಂಗ್ರಹಕ್ಕೆಂದೇ ಮಾಡಿದವು, ರಾಶಿ ರಾಶಿ ಇವೆ. ಅವನ್ನು ಹೂಡಿಕೆ ಅಂತ ಕೊಳ್ಳಬೇಡಿ. ಕ್ಯಾಟಲಾಗಿನ ಬೆಲೆ ನೋಡಿ ಹಿಗ್ಗೋದೂ ಬೇಡ. ವ್ಯಾಪಾರಿ ಮಾರಬೇಕು, ಲಾಭ ಉಳಿಯಬೇಕು, ಕೊಳ್ಳುವಾಗ ಅದರ ಒಂದು ಪಾಲಷ್ಟೇ ಕೊಟ್ಟಾನು. ಟ್ರಂಕಿಗೆ ಒಟ್ಟು ಇಷ್ಟು ಅಂದರೆ ಕೊಡಬೇಡಿ, ಇನ್ನಿಬ್ಬರಿಗೆ ತೋರಿಸಿ. ಟೇಪು, ಸ್ಟೇಪ್ಲರ್ ಪಿನ್ನು, ಲ್ಯಾಮಿನೇಶನ್ ಹತ್ತಿರ ಸುಳಿಯಬಾರದು.

ಒಬ್ಬ ವ್ಯಾಪಾರಿಗೆ ಫೋಟೋ ಕಳಿಸಿದೆ. ಒಳಗಿನ ಪತ್ರ ಸಮೇತ ಇದ್ದರೆ ಇನ್ನೂ ಒಳ್ಳೆಯದು ಅಂದರು. ಆ ಪತ್ರಗಳಲ್ಲಿ ಯಾರ ಮದುವೆಗೆ ಎಷ್ಟು ಸಾಲ, ಯಾರು ತೀರಿಸಲಿಲ್ಲ, ಎಲ್ಲಾ ಇದೆ. ಆ ಮನೆಗಳು ಇವತ್ತೂ ನಮ್ಮ ಓಣಿಯಲ್ಲೇ ಇವೆ. ಕಾಕಾಗೆ ಹೇಳಿದೆ. ಸುಮ್ಮನಿದ್ದು ಅಂದರು: "ಪಾಕೀಟ್ ಬೇಕಾದ್ರ ಒಯ್ಯಲಿ. ದೊಡ್ಡಪ್ಪನ ಅಕ್ಷರ ಕೊಡೂದಿಲ್ಲ."