ಚಳಿಗಾಲಕ್ಕೆ ಮುನ್ನ ಊರುಗೋಲಿನ ಆರೈಕೆ

ಘಟ್ಟದ ಮೇಲಣ ನಮ್ಮ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಸೀಮೆಯಲ್ಲಿ ಮಳೆ ಹಿಂದೆಗೆದು ಇಬ್ಬನಿ ಬೀಳತೊಡಗುವ ಕಾಲಕ್ಕೆ ರೈತನು ಕುಡುಗೋಲನ್ನು ಮಸೆಯುತ್ತಾನೆ, ಕಬ್ಬಿನ ಗಾಡಿಯ ಅಚ್ಚಿಗೆ ಎಣ್ಣೆ ಬೀಳುತ್ತದೆ, ಮನೆಯ ಹೆಂಗಸರು ಕಣವನ್ನು ಸಗಣಿಯಿಂದ ಸಾರಿಸುತ್ತಾರೆ. ಋತುವಿಗೆ ತಕ್ಕಂತೆ ಸಲಕರಣೆಗಳನ್ನು ಸಜ್ಜುಗೊಳಿಸುವ ಈ ಪರಂಪರಾಗತ ವಿವೇಕವು ಊರುಗೋಲಿಗೆ, ಕಂಕುಳುಗೋಲಿಗೆ, ಕೃತಕ ಕಾಲಿಗೆ, ಗಾಲಿಕುರ್ಚಿಗೆ ಮಾತ್ರ ಇನ್ನೂ ವ್ಯಾಪಿಸಿಲ್ಲವೆಂಬುದು ನನಗೆ ಬಹುಕಾಲದಿಂದ ವ್ಯಥೆಯನ್ನುಂಟುಮಾಡಿರುವ ಸಂಗತಿ.

ನಮ್ಮಲ್ಲಿ ಹಿಮ ಬೀಳುವುದಿಲ್ಲವಾದುದರಿಂದ ಚಳಿಗಾಲವು ನಡೆಯುವವನಿಗೆ ನಿರಪಾಯವೆಂದು ತಿಳಿಯುವುದು ಸಹಜ. ಕೆನಡಾ, ನಾರ್ವೆಗಳಂತಹ ಶೀತದೇಶಗಳಲ್ಲಿ ಕೋಲಿನ ತುದಿಗೆ ಮಡಚುವ ಉಕ್ಕಿನ ಮುಳ್ಳನ್ನು ಅಳವಡಿಸಿಕೊಂಡು ಮಂಜುಗಡ್ಡೆಯ ಮೇಲೆ ನಡೆಯುತ್ತಾರೆ. ನಮಗೆ ಅದು ಬೇಡ. ನಮ್ಮ ಅಪಾಯವು ಬೇರೆ ತೆರನಾದುದು. ನಾಲ್ಕು ತಿಂಗಳ ಮಳೆಯು ಅಂಗಳದ ಕಲ್ಲುಹಾಸಿನ ಮೇಲೆ ಬೆಳೆಯಿಸಿಹೋದ ಹಾವಸೆಯು ಹಗಲಿನಲ್ಲಿ ಒಣಗಿದಂತೆ ಕಂಡರೂ, ಕಾಳಿ ನದಿಯ ಕಣಿವೆಯ ಮಂಜು ಮುಸುಕಿದ ಮುಂಜಾವಿನಲ್ಲಿ ಇಬ್ಬನಿಯನ್ನು ಹೀರಿ ಮತ್ತೆ ಜೀವಗೊಂಡು, ಮರಗಟ್ಟಿದ ಕೀಲುಗಳಿಂದ ಹೊರಬಾಗಿಲಿಗೆ ಬರುವ ವೃದ್ಧನ ಕೋಲನ್ನು ಒಂದೇ ಕ್ಷಣದಲ್ಲಿ ಜಾರಿಸುತ್ತದೆ.

ಆ ಕ್ಷಣದಲ್ಲಿ ದೇಹದ ಭಾರವೆಲ್ಲ ನಿಲ್ಲತಕ್ಕುದು ಕೋಲಿನ ತುದಿಯ ಒಂದು ರಬ್ಬರ್ ಬುಷ್‌ನ ಮೇಲೆ. ಅದರ ತಳದ ವರ್ತುಲಾಕಾರದ ಗೆರೆಗಳು ಸವೆದು ನುಣುಪಾಗಿದ್ದರೆ, ಅಥವಾ ಹಳತಾದ ರಬ್ಬರು ಗಡುಸಾಗಿ ಬಿರುಕುಬಿಟ್ಟಿದ್ದರೆ, ಒದ್ದೆ ನೆಲದ ಮೇಲೆ ಅದು ಇದ್ದೂ ಇಲ್ಲದಂತೆಯೇ. ಮಳೆಗಾಲದಲ್ಲಿ ತೇವವನ್ನು ಕುಡಿದು ಉಬ್ಬಿದ ಮರದ ಕಂಕುಳುಗೋಲು ಮಾಗಿಯ ಒಣಗಾಳಿಗೆ ಕುಗ್ಗುವುದರಿಂದ ಅದರ ತಿರುಪುಗಳು ಸಡಿಲುತ್ತವೆ. ಉಕ್ಕಿನ ಕೊಳವೆಯದಾದರೆ, ಎತ್ತರವನ್ನು ಹೊಂದಿಸುವ ರಂಧ್ರಗಳ ಸುತ್ತ ತುಕ್ಕು ಹಿಡಿದಿರುತ್ತದೆ. ಚಳಿಗೆ ಒಡೆದ ಅಂಗೈಗೆ ಕೊಬ್ಬರಿ ಎಣ್ಣೆಯನ್ನು ಸವರಿಕೊಂಡು ಅದೇ ಕೈಯಿಂದ ಹಿಡಿಕೆಯನ್ನು ಹಿಡಿಯುವವರೂ ಬಹುಮಂದಿ. ಎಣ್ಣೆಯನ್ನು ರಾತ್ರಿ ಮಲಗುವಾಗ ಹಚ್ಚಿಕೊಳ್ಳುವುದೂ, ಹಿಡಿಕೆಗೆ ಒರಟಾದ ಹತ್ತಿಬಟ್ಟೆಯನ್ನು ಬಿಗಿಯಾಗಿ ಸುತ್ತುವುದೂ ಸಾಕಾದೀತು.

ಇವೆಲ್ಲಕ್ಕಿಂತ ನನಗೆ ಭಯವನ್ನುಂಟುಮಾಡುವುದು ಒಲೆಯ ಮುಂದಣ ಬೆಂಕಿ. ಜೋಯಿಡಾದ ಕುಣಬಿಗಳ ಮನೆಯಲ್ಲಾಗಲಿ, ಹಳಿಯಾಳ ಮುಂಡಗೋಡಗಳ ಸಿದ್ದಿ ಗೌಳಿ ಜನರ ವಾಡೆಗಳಲ್ಲಾಗಲಿ, ಚಳಿಯ ಸಂಜೆಯಲ್ಲಿ ಮನೆಮಂದಿಯೆಲ್ಲ ಬೆಂಕಿಯ ಸುತ್ತ ಕುಳಿತು ಕಾಯಿಸಿಕೊಳ್ಳುವುದು ಬಾಳಿನ ಒಂದು ಸೊಗಸು. ಅದನ್ನು ಬಿಡಿರೆಂದು ಹೇಳುವ ಅಧಿಕಾರ ಯಾರಿಗೂ ಇಲ್ಲ. ಆದರೆ 1968ರಲ್ಲಿ ಕುಶಲಕರ್ಮಿ ರಾಮಚಂದ್ರ ಶರ್ಮ ಮತ್ತು ವೈದ್ಯ ಪಿ. ಕೆ. ಸೇಠಿ ಅವರ ಕೈಯಲ್ಲಿ ರೂಪುಗೊಂಡ ಜೈಪುರ ಪಾದವೆಂಬ ಕೃತಕ ಪಾದವು ರಬ್ಬರಿನದು. ಅದರ ಮೇಲಣ ಕಾಲಿನ ಭಾಗವನ್ನು ಇಂದು ಸಾಮಾನ್ಯವಾಗಿ ಪ್ಲಾಸ್ಟಿಕ್ ಕೊಳವೆಯನ್ನು ಕಾಯಿಸಿ ಮೆದುಗೊಳಿಸಿ ಅಚ್ಚಿನ ಮೇಲೆ ಎಳೆದು ಮಾಡುತ್ತಾರೆ. ಕಾವಿನಿಂದ ಪಡೆದ ಆಕಾರವು ಕಾವಿನಿಂದಲೇ ಕೆಡಬಲ್ಲುದು. ಪೋಲಿಯೊ ಪೀಡಿತರ ಪಾಲಿಪ್ರೊಪಿಲೀನ್ ಕ್ಯಾಲಿಪರಿನ ಗತಿಯೂ ಅದೇ. ಕುಷ್ಠದಿಂದಲೋ ಮಧುಮೇಹದಿಂದಲೋ ಬೆನ್ನುಹುರಿಯ ಪೆಟ್ಟಿನಿಂದಲೋ ಸ್ಪರ್ಶಜ್ಞಾನವನ್ನು ಕಳೆದುಕೊಂಡ ಕಾಲಿಗಂತೂ ಸುಡುತ್ತಿರುವುದೇ ತಿಳಿಯದು. ಬೊಬ್ಬೆ ಕಾಣುವುದು ಮರುದಿನ. ಇಂತಹವರು ಬೆಂಕಿಯಿಂದ ಸರಿದು, ಕಾಲನ್ನು ದೂರ ಚಾಚಿ ಕುಳಿತುಕೊಳ್ಳುವಂತೆ ಮನೆಯವರು ನೋಡಿಕೊಳ್ಳತಕ್ಕದ್ದು. ಕೃತಕ ಕಾಲನ್ನು ಧರಿಸುವವರು ಇನ್ನೊಂದನ್ನೂ ಗಮನಿಸಬೇಕು: ಕತ್ತರಿಸಿದ ಕಾಲಿನ ಮೊಂಡು ದಿನದಿಂದ ದಿನಕ್ಕೆ, ಹೊತ್ತಿನಿಂದ ಹೊತ್ತಿಗೆ ಹಿಗ್ಗಿ ಕುಗ್ಗುವುದುಂಟು, ಚಳಿಯ ಮುಂಜಾವಿನಲ್ಲಿ ಕಾಲು ಸಡಿಲವೆನಿಸಿದರೆ ಒಣಗಿದ ಇನ್ನೊಂದು ಕಾಲುಚೀಲವನ್ನು ಏರಿಸಿಕೊಂಡ ಹೊರತು ಹೊಸಿಲು ದಾಟಬಾರದು.

ಗಾಲಿಕುರ್ಚಿಯ ಮಾತು ಸಂಕ್ಷಿಪ್ತ. ತಂಪಿಗೆ ಟಯರಿನೊಳಗಣ ಗಾಳಿಯ ಒತ್ತಡ ಇಳಿಯುತ್ತದೆ. ಅನೇಕ ಕುರ್ಚಿಗಳಲ್ಲಿ ಬ್ರೇಕಿನ ಸನ್ನೆಯು ಒತ್ತಿಹಿಡಿಯುವುದು ಆ ಟಯರನ್ನೇ ಆದುದರಿಂದ, ಗಾಳಿ ಕಡಿಮೆಯಾದ ಕುರ್ಚಿಯು ಇಳಿಜಾರಿನಲ್ಲಿ ನಿಲ್ಲದು. ಹತ್ತಿ ಕೂರುವ ಮೊದಲು ಹೆಬ್ಬೆರಳಿನಿಂದ ಟಯರನ್ನು ಒತ್ತಿ ನೋಡುವ ಅಭ್ಯಾಸವೊಂದು ಬೇಕು.

ದಾರಿಯನ್ನು ಕುರಿತು ಮಾತ್ರ ದೂರದೇ ಇರಲಾರೆ. ಮುಂಡಗೋಡದ ಕಡೆ ಸುಗ್ಗಿಯಲ್ಲಿ ಡಾಂಬರು ರಸ್ತೆಯೇ ಕಣವಾಗಿ, ಅದರ ಮೇಲೆ ಹರಡಿದ ಭತ್ತದ ಹುಲ್ಲೂ ಗೋವಿನಜೋಳದ ಕಾಳೂ ಕಂಕುಳುಗೋಲಿನ ಕೆಳಗೆ ಉರುಳುತ್ತವೆ. ಹಳಿಯಾಳದ ಸಕ್ಕರೆ ಕಾರ್ಖಾನೆಗೆ ಕಬ್ಬನ್ನು ಹೊತ್ತ ಟ್ರ್ಯಾಕ್ಟರುಗಳು ಮಂಜಿನ ನಸುಕಿನಲ್ಲೇ ಹೊರಡುತ್ತವೆ; ಆ ದಾರಿಯಲ್ಲಿ ಮೂರುಗಾಲಿಯ ಕೈಬಂಡಿಯನ್ನು ನಡೆಸುವಾತನ ಬೆನ್ನಹಿಂದೆ ಒಂದು ಕೆಂಪು ಹೊಳಪುಪಟ್ಟಿಯೂ ಇರುವುದಿಲ್ಲ. 1966ರಲ್ಲಿ ಮುಂಡಗೋಡದ ಬಳಿ ನೆಲೆಗೊಂಡ ಟಿಬೆಟನ್ ವಸಾಹತಿನ ವೃದ್ಧರು ಒಂದು ಕೈಯಲ್ಲಿ ಪ್ರಾರ್ಥನಾಚಕ್ರ, ಇನ್ನೊಂದರಲ್ಲಿ ಕೋಲು ಹಿಡಿದು ಮುಂಜಾವಿನಲ್ಲೇ ಪ್ರದಕ್ಷಿಣೆಗೆ ಹೊರಡುವವರು. ಅವರ ಕೋಲಿಗೂ ಅಂತಹ ಪಟ್ಟಿಯೊಂದು ಇರಲೇಬೇಕು.

ಸಾಧನಗಳನ್ನು ಕೊಡುವುದರಲ್ಲಿ ಸರ್ಕಾರವು ಹಿಂಜರಿದಿಲ್ಲ. ಅಂಗವಿಕಲರಿಗೆ ಸಲಕರಣೆ ಒದಗಿಸುವ ಕೇಂದ್ರದ ಅಡಿಪ್ ಯೋಜನೆ 1981ರಿಂದ ನಡೆದುಬಂದಿದೆ. ಬಡ ವೃದ್ಧರಿಗಾಗಿ ವಯೋಶ್ರೀ ಯೋಜನೆ 2017ರಲ್ಲಿ ಪ್ರಾರಂಭವಾಯಿತು. ಶಿಬಿರ ನಡೆಯುತ್ತದೆ, ಹಾರ ಬೀಳುತ್ತದೆ, ಸಾಧನ ಮನೆಗೆ ಹೋಗುತ್ತದೆ. ಅನಂತರ ಅದರ ಆರೋಗ್ಯವನ್ನು ವಿಚಾರಿಸುವವರಾರು? ಅಡಿಪ್ ನಿಯಮದಂತೆ ವಯಸ್ಕನೊಬ್ಬನು ಅದೇ ಸಾಧನವನ್ನು ಮತ್ತೆ ಪಡೆಯಲು ಮೂರು ವರ್ಷ ಕಾಯಬೇಕು. ಜೋಯಿಡಾದ ಮೂರು ಮಳೆಗಾಲವನ್ನು ದುರಸ್ತಿಯಿಲ್ಲದೆ ತಾಳಿಕೊಳ್ಳುವ ರಬ್ಬರು ಎಲ್ಲಿಯದು? ಕೃತಕ ಕಾಲಿನ ಕೆಲಸಕ್ಕೆ ಹುಬ್ಬಳ್ಳಿಯತನಕ ಹೋಗುವುದು ಅನಿವಾರ್ಯವಿರಬಹುದು. ಒಂದು ಬುಷ್‌ಗಾಗಿ, ಒಂದು ತಿರುಪಿಗಾಗಿ ಕೂಲಿ ಬಿಟ್ಟು ಪೇಟೆಗೆ ಅಲೆಯಿಸುವುದು ಅನ್ಯಾಯ.

ಇದಕ್ಕೆ ಹೊಸ ಯೋಜನೆ ಬೇಕಿಲ್ಲ. ಗ್ರಾಮ ಪಂಚಾಯತಿಯು ತನ್ನ ಸ್ವಂತ ಸಂಪನ್ಮೂಲದ ಶೇ 5ರಷ್ಟನ್ನು ಅಂಗವಿಕಲರ ಕಲ್ಯಾಣಕ್ಕೆ ಮೀಸಲಿಡಬೇಕೆಂಬ ನಿಯಮ ನಮ್ಮ ರಾಜ್ಯದಲ್ಲಿದೆ; ಯಾರ ಮನೆಯಲ್ಲಿ ಯಾವ ಸಾಧನವಿದೆಯೆಂದು ಬಲ್ಲ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೂ ಇದ್ದಾರೆ. ನವರಾತ್ರಿಯ ಆಯುಧಪೂಜೆಯಂದು ನೇಗಿಲು, ಮೋಟಾರುಗಳನ್ನೆಲ್ಲ ತೊಳೆದು ಪೂಜಿಸುವ ನಾವು, ಆ ದಿನ ಕಂಕುಳುಗೋಲು ಗಾಲಿಕುರ್ಚಿಗಳನ್ನೂ ಹೊರಗೆ ತಂದು ಪರೀಕ್ಷಿಸಬಾರದೇಕೆ? ಮಳೆ ತಡವಾಗಿ ಬಿಡುವ ಜೋಯಿಡಾದಲ್ಲಿ ದೀಪಾವಳಿಯಾದರೂ ಸರಿಯೆ. ಊರಿನ ಸೈಕಲ್ ರಿಪೇರಿಯವನಿಗೂ ಬಡಿಗನಿಗೂ ದಿನಗೂಲಿ ಕೊಟ್ಟು, ಕೊಳವೆಯ ವ್ಯಾಸವನ್ನು ಅಳೆದು ತರಿಸಿದ ಬುಷ್‌ಗಳು, ತಿರುಪುಗಳು, ಟ್ಯೂಬು, ಹೊಳಪುಪಟ್ಟಿ ಇಷ್ಟನ್ನು ಪಂಚಾಯತಿ ಕಟ್ಟೆಯಲ್ಲಿ ಇಟ್ಟರೆ ಕೆಲಸ ಒಂದೇ ದಿನದ್ದು; ಬರಲಾಗದವರ ಮನೆಗೆ ಕಾರ್ಯಕರ್ತರೇ ಹೋಗಿಬರಲಿ. ಮುಂದಿನ ಗ್ರಾಮಸಭೆಯ ನಡಾವಳಿಯಲ್ಲಿ ಈ ವೆಚ್ಚವನ್ನು ಹೆಸರು ಹಿಡಿದು ಬರೆಯಿಸಬೇಕೆಂದು ನಾಲ್ಕೂ ತಾಲೂಕುಗಳ ಪಂಚಾಯತಿ ಸದಸ್ಯರಲ್ಲಿ ನನ್ನ ಬಿನ್ನಹ.