ಕಾದು ನೋಡುವ ಚೀಟಿ

ಮಳೆಗಾಲ ಹಿಡಿದೊಡನೆ ನಮ್ಮ ಕಾಲೇಜಿನ ತರಗತಿಗಳಲ್ಲಿ ಕೆಮ್ಮು ಸೀನುಗಳ ಮೇಳ ಆರಂಭವಾಗುವುದು ವಾಡಿಕೆ. ಕಳೆದ ವರ್ಷ ನನ್ನ ವಿದ್ಯಾರ್ಥಿಯೊಬ್ಬನು, "ಮೂರೇ ಗುಳಿಗೆ ಸಾರ್, ಗಂಟಲುನೋವು ಮಾಯ!" ಎಂದು ಹಿಗ್ಗಿನಿಂದ ನುಡಿದನು. ನುಂಗಿದ್ದು ಅಜಿತ್ರೋಮೈಸಿನ್ ಎಂಬ ಆಂಟಿಬಯಾಟಿಕ್. ಗುಳಿಗೆ ನುಂಗಿದ ಮೇಲೆ ನೋವು ಹೋಯಿತು; ಆದಕಾರಣ ಗುಳಿಗೆಯಿಂದಲೇ ಹೋಯಿತೆಂಬುದು ಅವನ ತರ್ಕ. ಹೋಲಿಕೆಗೆ ಏನನ್ನೂ ಇಟ್ಟುಕೊಳ್ಳದೆ ಪ್ರಯೋಗಶಾಲೆಯಲ್ಲಿ ಇಂಥ ತೀರ್ಮಾನ ಬರೆದಿದ್ದರೆ ನಾನು ಕೆಂಪು ಶಾಯಿಯಿಂದ ಗೀಟೆಳೆಯುತ್ತಿದ್ದೆನೆಂದು ಹೇಳಿದೆ. "ಹೋಲಿಸಲು ಇನ್ನೊಬ್ಬ ನಾನು ಎಲ್ಲಿ ಸಿಕ್ಕಬೇಕು ಸಾರ್?" ಎಂದನು. ಪ್ರಶ್ನೆ ಸೊಗಸಾದದ್ದೇ.

ಅದಕ್ಕೆ ಉತ್ತರವನ್ನು ಇಂಗ್ಲೆಂಡಿನ ವೈದ್ಯರು ಒದಗಿಸಿದ್ದಾರೆ. ಪಾಲ್ ಲಿಟ್ಲ್ ಮತ್ತು ಸಂಗಡಿಗರು 1997ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಗಂಟಲುನೋವೆಂದು ಬಂದ 716 ಮಂದಿಯನ್ನು ಮೂರು ಗುಂಪುಗಳಾಗಿ ವಿಂಗಡಿಸಿದರು. ಮೊದಲನೆಯ ಗುಂಪಿಗೆ ಕೂಡಲೆ ಆಂಟಿಬಯಾಟಿಕ್, ಎರಡನೆಯದಕ್ಕೆ ಇಲ್ಲ, ಮೂರನೆಯದಕ್ಕೆ, ಮೂರು ದಿನಗಳಲ್ಲಿ ಗುಣ ಕಾಣದಿದ್ದರೆ ಮಾತ್ರ ಬಂದು ಚೀಟಿ ಒಯ್ಯಿರೆಂಬ ಸಲಹೆ. ಮೂರನೆಯ ದಿನ ಎಣಿಸಿದಾಗ, ಗುಣ ಹೊಂದಿದವರ ಪ್ರಮಾಣದಲ್ಲಿ ಗಣನೀಯ ಅಂತರವೇ ಕಾಣಲಿಲ್ಲ. ಕಾಯಲು ಹೇಳಿಸಿಕೊಂಡವರಲ್ಲಿ ಮದ್ದು ಬಳಸಿದವರು ನೂರಕ್ಕೆ 31 ಮಂದಿ ಮಾತ್ರ. ಸ್ವಾರಸ್ಯ ಬೇರೊಂದಿದೆ: ಕೂಡಲೆ ಮದ್ದು ಪಡೆದವರಲ್ಲಿ ನೂರಕ್ಕೆ 87 ಮಂದಿ ಅದು ಫಲಕಾರಿಯೆಂದು ನಂಬಿದರು, ಪಡೆಯದವರಲ್ಲಿ 55. ದೇಹ ತಾನೇ ಗಳಿಸಿದ ಜಯದ ಕೀರ್ತಿ ಗುಳಿಗೆಗೆ ಸಂದಿತು!

ನೆಗಡಿಯೂ ಬಹುಪಾಲು ಗಂಟಲುನೋವು, ಕೆಮ್ಮುಗಳೂ ವೈರಸ್ಸಿನಿಂದ ಬರತಕ್ಕವು. ಪೆನಿಸಿಲಿನ್ ಬ್ಯಾಕ್ಟೀರಿಯದ ಕೋಶಭಿತ್ತಿಯನ್ನು ಕೆಡಿಸುತ್ತದೆ. ಅಜಿತ್ರೋಮೈಸಿನ್ ಅದರ ರೈಬೋಸೋಮಿಗೆ ಅಂಟಿಕೊಂಡು ಪ್ರೋಟೀನಿನ ತಯಾರಿಕೆಯನ್ನು ತಡೆಯುತ್ತದೆ. ವೈರಸ್ಸಿಗೆ ಆ ಭಿತ್ತಿಯೂ ಇಲ್ಲ, ಸ್ವಂತದ ರೈಬೋಸೋಮೂ ಇಲ್ಲ. ಪೆಟ್ಟು ಬೀಳುವುದು ನಮ್ಮ ಕರುಳಿನಲ್ಲಿ ತಮ್ಮ ಪಾಡಿಗೆ ಬಾಳುವ ಬ್ಯಾಕ್ಟೀರಿಯಗಳಿಗೆ. ಅವುಗಳಲ್ಲಿ ಮದ್ದಿಗೆ ಜಗ್ಗದವು ಉಳಿದು ಬೆಳೆಯುತ್ತವೆ. ಆ ಗುಣವನ್ನು ರೋಗಕಾರಕ ಬ್ಯಾಕ್ಟೀರಿಯಗಳಿಗೂ ದಾಟಿಸಬಲ್ಲವು. ನಾಳೆ ನ್ಯುಮೋನಿಯಕ್ಕೆ ತುತ್ತಾದ ಕೂಸಿಗೆ ಅದೇ ಮದ್ದು ನಾಟದೆ ಹೋಗಬಹುದು.

ವೈದ್ಯರನ್ನಷ್ಟೇ ದೂರುವುದು ನ್ಯಾಯವಲ್ಲ. ಸಂಜೆಯ ಹೊತ್ತು ಹೊರಗೆ ಮೂವತ್ತು ಮಂದಿ ಕಾದಿರಲು, ವೈರಸ್ಸಿನ ವಿಚಾರ ವಿವರಿಸುವುದಕ್ಕಿಂತ ಚೀಟಿ ಗೀಚುವುದು ಸುಲಭ. ಏನನ್ನೂ ಬರೆಯದ ವೈದ್ಯರನ್ನು "ಏನೂ ತಿಳಿಯದವರು" ಎನ್ನುವವರು ನಾವೇ ಅಲ್ಲವೆ? ಆದ್ದರಿಂದ ಕಾಯುವ ಪದ್ಧತಿ ನಮ್ಮಲ್ಲಿಯೂ ಬಳಕೆಗೆ ಬರಬೇಕೆಂಬುದು ನನ್ನ ಅಭಿಪ್ರಾಯ. ಹಳ್ಳಿಯಿಂದ ಬಸ್ಸು ಹಿಡಿದು, ದಿನದ ಕೂಲಿ ಬಿಟ್ಟು ಬಂದವರು ಮತ್ತೆ ಬರುವುದೆಂತು ಎಂಬ ಆಕ್ಷೇಪಣೆ ಇದೆ, ಅದು ಸರಿಯಾದದ್ದೇ. ಅಂಥವರಿಗೆ ಮೂರು ದಿನ ಮುಂದಿನ ತಾರೀಖು ಹಾಕಿದ ಚೀಟಿಯನ್ನು ಇಂದೇ ಕೊಟ್ಟು ಕಳುಹಿಸಬಹುದು. ಚೀಟಿಯೇ ಇಲ್ಲದೆ ಔಷಧದ ಅಂಗಡಿಯಲ್ಲಿ ಗುಳಿಗೆ ಸಿಕ್ಕುವವರೆಗೆ ಇದರ ಫಲ ಅರ್ಧವೇ ಎಂಬುದನ್ನೂ ಒಪ್ಪುತ್ತೇನೆ.

ಎಲ್ಲರೂ ಕಾಯತಕ್ಕದ್ದೆಂದಲ್ಲ. ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯದಿಂದ ಬಂದ ಗಂಟಲುನೋವನ್ನು ಕಡೆಗಣಿಸಿದರೆ ಮಕ್ಕಳಲ್ಲಿ ಹೃದಯದ ಕವಾಟಗಳಿಗೆ ಹಾನಿ ತಗಲುವ ಸಂಭವವುಂಟು. ಉಸಿರಾಟ ಕಷ್ಟವಾದರಂತೂ ತಡಮಾಡಲಾಗದು. ಅದನ್ನು ಗುರುತಿಸುವುದು ವೈದ್ಯರ ಕೆಲಸ, ಭೌತಶಾಸ್ತ್ರದ ಉಪನ್ಯಾಸಕನದಲ್ಲ. ಈ ಮಳೆಗಾಲದಲ್ಲಿ ಆ ಹುಡುಗನಿಗೆ ಮತ್ತೆ ಗಂಟಲು ಕೆಟ್ಟಿತು. ವೈದ್ಯರು ಚೀಟಿ ಬರೆಯಲು ಪೆನ್ನು ತೆಗೆದಾಗ, "ಮೂರು ದಿನ ಕಾಯಬಹುದೆ?" ಎಂದು ಕೇಳಿದನಂತೆ. ಅವರು ಪೆನ್ನನ್ನು ಕೆಳಗಿಟ್ಟು, ಗಂಟಲನ್ನು ಇನ್ನೊಮ್ಮೆ ಪರೀಕ್ಷಿಸಿ, "ಧಾರಾಳವಾಗಿ" ಎಂದರಂತೆ.