ಗೃಹಸ್ಥರಿಗೆ ಯಂತ್ರವಿಚಾರ: ಮಂಕಾದ ಗಾಡಿದೀಪದ ಪರೀಕ್ಷೆ

ನವಲಗುಂದ, ಅಣ್ಣಿಗೇರಿ, ಕುಂದಗೋಳಗಳ ಎರೆಸೀಮೆಯಲ್ಲಿ ಟ್ರ್ಯಾಕ್ಟರು ಈಗ ಬಹುಮಟ್ಟಿಗೆ ಎತ್ತಿನ ಸ್ಥಾನವನ್ನು ಹಿಡಿದಿರುವದು. ಹಗಲೆಲ್ಲ ಹೊಲದಲ್ಲಿ ದುಡಿದ ಯಂತ್ರವೇ ಹೊತ್ತು ಮುಳುಗಿದ ಮೇಲೆ ಉಳ್ಳಾಗಡ್ಡಿ, ಹತ್ತಿಗಳ ಹೇರನ್ನೆಳೆದುಕೊಂಡು ಹುಬ್ಬಳ್ಳಿಯ ಅಮರಗೋಳದ ಪೇಟೆಗೆ ಹೊರಡುವದುಂಟು. ಆಗ ಮುಂದಿನ ದೀಪವು ಮಂಕಾಗಿದ್ದರೆ ಚಾಲಕನ ಪ್ರಾಣಕ್ಕೂ ಎದುರು ಬರುವವರ ಪ್ರಾಣಕ್ಕೂ ಸಂಚಕಾರವೇ ಸರಿ.

ದೀಪ ಮಂಕಾದ ಕೂಡಲೆ ಹೊಸ ಬಲ್ಬು, ಅದರಿಂದಲೂ ಆಗದಿದ್ದರೆ ಹೊಸ ಬ್ಯಾಟರಿ ಕೊಳ್ಳುವದು ರೂಢಿಯಾಗಿದೆ. ದೋಷದ ಸ್ಥಳವನ್ನರಿಯದೆ ಸಾಮಾನು ಬದಲಿಸುವದು ವ್ಯರ್ಥವ್ಯಯವೆಂದು ನಾವು ಹೇಳುವೆವು. ಮಲಪ್ರಭೆಯ ಕಾಲುವೆಯನ್ನು ಬಲ್ಲ ರೈತರಿಗೆ ಇದು ಹೊಸ ಮಾತಲ್ಲ. ಅಣೆಕಟ್ಟು ತುಂಬಿದ್ದರೂ ನಡುವೆ ಹೂಳಿದ್ದರೆ ಕೊನೆಯ ಹೊಲಕ್ಕೆ ನೀರು ಸಾಲದು. ಹಾಗೆಯೇ ಕಿಲುಬು ಹಿಡಿದ ಒಂದು ಕೂಡಿಕೆಯು ವಿದ್ಯುತ್ತಿನ ಒತ್ತಡವನ್ನು ನಡುವೆಯೇ ನುಂಗುವದು. ತಂತುವಿನ ಬಲ್ಬಿಗೆ 12 ವೋಲ್ಟಿನ ಬದಲು 10.8 ದೊರೆತರೆ ಬೆಳಕು ಶೇಕಡಾ 30ರಷ್ಟು ಕುಗ್ಗುವದು.

ಈ ಹೂಳನ್ನು ಕಂಡುಹಿಡಿಯಲು ಒಂದು ವೋಲ್ಟ್‌ಮೀಟರು ಸಾಕು. ಅದನ್ನು ಡಿ.ಸಿ. 20 ವೋಲ್ಟಿನ ಮನೆಗೆ ತಿರುಗಿಸಿ, ಇಂಜಿನನ್ನು ನಿಲ್ಲಿಸಿ, ಮೊದಲು ಬ್ಯಾಟರಿಯನ್ನು ಅಳೆಯಿರಿ. 12.6 ಬಂದರೆ ಅದು ತುಂಬಿದೆ. 12ಕ್ಕೆ ಇಳಿದಿದ್ದರೆ ಚಾರ್ಜು ಮಾಡಿಸತಕ್ಕದ್ದು.

ಮುಂದಿನ ಪರೀಕ್ಷೆಗಳನ್ನು ಬಲ್ಬನ್ನು ಕಳಚದೆ, ಸ್ವಿಚ್ಚು ಹಾಕಿಯೇ ಮಾಡಬೇಕು. ಯಾಕಂದರೆ ಮೀಟರು ಎಳೆಯುವ ವಿದ್ಯುತ್ತು ಅತ್ಯಲ್ಪ. ಬಲ್ಬನ್ನು ತೆಗೆದರೆ, ಒಂದೇ ಎಳೆಯಲ್ಲಿ ತೂಗುವ ವೈರಿನಲ್ಲಿಯೂ ಪೂರ್ಣ 12 ವೋಲ್ಟು ಕಂಡು ನಮಗೆ ಮೋಸವಾಗುವದು. ಬಲ್ಬಿನ ಎರಡು ತುದಿಗಳ ನಡುವೆ ಅಳೆಯಿರಿ. ಅಲ್ಲಿ ಬ್ಯಾಟರಿಯಷ್ಟೇ ವೋಲ್ಟಿದ್ದೂ ದೀಪ ಹತ್ತದಿದ್ದರೆ ಬಲ್ಬು ಸುಟ್ಟಿರುವದು. ಬ್ಯಾಟರಿಯಲ್ಲಿ 12.4 ಇದ್ದು ಬಲ್ಬಿನಲ್ಲಿ 9.8 ಕಂಡರೆ, 2.6 ವೋಲ್ಟು ದಾರಿಯಲ್ಲಿ ಕಳೆದಿದೆ.

ಅದು ಹೋಗುವ ದಾರಿಯಲ್ಲಿಯೋ, ಬರುವ ದಾರಿಯಲ್ಲಿಯೋ? ಮೀಟರಿನ ಕಪ್ಪು ಕಡ್ಡಿಯನ್ನು ಬ್ಯಾಟರಿಯ ಮೈನಸ್ಸಿಗೂ ಕೆಂಪನ್ನು ಬಲ್ಬಿನ ಅರ್ಥಿಂಗ್ ತುದಿಗೂ ಮುಟ್ಟಿಸಿರಿ. ಸೊನ್ನೆಯ ಸಮೀಪದ ಅಂಕಿಯೇ ಬರಬೇಕು. ಒಂದೆರಡು ವೋಲ್ಟು ತೋರಿದರೆ, ವೈರು ಗಾಡಿಯ ಕಬ್ಬಿಣಕ್ಕೆ ಕೂಡುವ ಸ್ಥಳದಲ್ಲಿ ತುಕ್ಕಿರಬಹುದು. ಮಳೆಗಾಲದಲ್ಲಿ ಎರೆಮಣ್ಣು ಅಲ್ಲಿ ಮೆತ್ತಿಕೊಂಡು ತೇವವನ್ನು ಬಹುದಿನ ಹಿಡಿದಿಡುವದರಿಂದ ನಮ್ಮ ಸೀಮೆಯಲ್ಲಿ ಇದನ್ನೇ ಮೊದಲು ಶಂಕಿಸುವದು ಲೇಸು. ಬೋಲ್ಟನ್ನು ಬಿಚ್ಚಿ, ಉಸುಕುಕಾಗದದಿಂದ ಹೊಳಪು ಬರುವ ತನಕ ತಿಕ್ಕಿ, ಬಿಗಿದು ಗ್ರೀಸು ಸವರಿರಿ.

ಈ ಬದಿಯು ನಿರ್ದೋಷವಾಗಿದ್ದರೆ ಕಪ್ಪು ಕಡ್ಡಿಯನ್ನು ಅಲ್ಲಿಯೇ ಇಟ್ಟು, ಕೆಂಪನ್ನು ಬ್ಯಾಟರಿಯ ಪ್ಲಸ್ಸಿನಿಂದ ಫ್ಯೂಜು, ಸ್ವಿಚ್ಚು, ಹೋಲ್ಡರುಗಳ ಎರಡೂ ಬದಿಗೆ ಕ್ರಮವಾಗಿ ಮುಟ್ಟಿಸುತ್ತ ಬನ್ನಿರಿ. ಯಾವದನ್ನು ದಾಟಿದಾಗ ಅಂಕಿಯು ಫಕ್ಕನೆ ಇಳಿಯುವದೋ ದೋಷವು ಅಲ್ಲಿಯೇ.

ಒಂದು ಎಚ್ಚರಿಕೆ: ಮೀಟರಿನ ಕಡ್ಡಿಯನ್ನು ಆಂಪಿಯರಿನ ರಂಧ್ರದಲ್ಲಿಟ್ಟು ಈ ಪರೀಕ್ಷೆ ಮಾಡಬಾರದು. ಸುಟ್ಟ ಫ್ಯೂಜಿಗೆ ತಾಮ್ರದ ತಂತಿಯನ್ನಂತೂ ಸುತ್ತಲೇಬಾರದು. ವೈರು ಕಾದು ಬೆಂಕಿ ಹೊತ್ತಿದರೆ, ಹತ್ತಿಯ ಹೇರಿನೊಡನೆ ವರ್ಷದ ದುಡಿಮೆಯೆಲ್ಲ ಬೂದಿಯಾದೀತು. ಆದುದರಿಂದ ಸುಗ್ಗಿಯ ಮೊದಲೇ, ಹಗಲಿನ ಬೆಳಕಿನಲ್ಲಿ, ಈ ಅರ್ಧ ತಾಸಿನ ಪರೀಕ್ಷೆಯನ್ನು ಮುಗಿಸಿಕೊಳ್ಳುವದು ಗೃಹಸ್ಥರಿಗೆ ಉಚಿತ.